ಸಾವಿರ ಡಾಲರ್‌ನ ಆಂಪ್ಲಿಫೈಯರ್‌ನಲ್ಲಿ ಯಾರ ಪಾಲು ಎಷ್ಟು?

1993ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಕೆಲವು ಮನೆಗಳಿಗೆ ಅಂಚೆಯಲ್ಲಿ ಚೆಕ್ಕುಗಳು ಬರತೊಡಗಿದವು. ಯಾರೂ ಅರ್ಜಿ ಹಾಕಿರಲಿಲ್ಲ, ದೂರು ಕೊಟ್ಟಿರಲಿಲ್ಲ. ಕಳಿಸಿದವರು ಟ್ವೀಟರ್ ಎಂಬ ಆಡಿಯೋ ಅಂಗಡಿಯವರು. ಗಿರಾಕಿ ಅವರಲ್ಲಿ ಸ್ಪೀಕರನ್ನೋ ಸಿಡಿ ಪ್ಲೇಯರನ್ನೋ ಕೊಂಡಿರುತ್ತಿದ್ದ. ಕೊಂಡ ಮೂವತ್ತು ದಿನದೊಳಗೆ ಊರಿನ ಬೇರೆ ಅಂಗಡಿ ಅದೇ ಮಾಲನ್ನು ಕಡಿಮೆ ಬೆಲೆಗೆ ಜಾಹೀರಾತು ಮಾಡಿದರೆ, ವ್ಯತ್ಯಾಸದ ಹಣವನ್ನು ಟ್ವೀಟರ್ ತಾನಾಗಿಯೇ ಚೆಕ್ ಬರೆದು ಕಳಿಸುತ್ತಿತ್ತು. ಪ್ರತಿಸ್ಪರ್ಧಿಗಳ ಪತ್ರಿಕಾ ಜಾಹೀರಾತುಗಳನ್ನು ಓದಿ, ತನ್ನ ಮಾರಾಟದ ಲೆಕ್ಕದೊಂದಿಗೆ ಹೋಲಿಸುವುದು ಅಂಗಡಿಯದೇ ಕೆಲಸವಾಗಿತ್ತು.

ಒಂದು ಅಂಗಡಿ ಇಷ್ಟು ದೂರ ಹೋಗಬೇಕಾಗಿ ಬಂದದ್ದೇಕೆ? ಟ್ವೀಟರ್ ಹುಟ್ಟಿದ್ದು 1972ರಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ. ಒಳ್ಳೆಯ ಮಾಲು, ವಿಷಯ ಬಲ್ಲ ಮಾರಾಟಗಾರರು, ಕೂತು ಕೇಳಲು ಕೋಣೆಗಳು, ಇವೇ ಅದರ ಹೆಸರಿಗೆ ಕಾರಣ. ಅದೇ ಹೆಸರು ಮುಂದೆ ಹೊರೆಯಾಯಿತು. ದೊಡ್ಡ ಸರಣಿ ಅಂಗಡಿಗಳು ಪೇಟೆಗೆ ಇಳಿದ ಮೇಲೆ, ಟ್ವೀಟರ್‌ನಲ್ಲಿ ಬೆಲೆ ಜಾಸ್ತಿ ಎಂಬ ಭಾವನೆ ಜನರಲ್ಲಿ ಬೇರೂರಿತು. ಹೋಲಿಸಬಹುದಾದ ಮಾಲಿನಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೂ ಯಾರೂ ನಂಬಲಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಈ ಕಥೆ ಪಾಠವಾಯಿತು.

ಆ ಅಪನಂಬಿಕೆಯ ಮೂಲ ಇರುವುದು ಗಿರಾಕಿಗೆ ಕಾಣದ ಒಂದು ಅಂಕಿಯಲ್ಲಿ, ಅಂದರೆ ಡೀಲರ್‌ಗೆ ಬೀಳುವ ಅಸಲು ಎಷ್ಟು, ಅವರು ಮಾರುವ ಬೆಲೆ ಎಷ್ಟು ಎಂಬುದರಲ್ಲಿ. ಅಕ್ಕಿ, ಬೇಳೆ, ಚಿನ್ನದ ವಿಷಯದಲ್ಲಿ ನಮಗೆ ಈ ಅಂತರದ ಅಂದಾಜು ಇರುತ್ತದೆ. ದುಬಾರಿ ಆಂಪ್ಲಿಫೈಯರ್ ವಿಷಯದಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದಲ್ಲಿ 1,000 ಡಾಲರ್ ಬೆಲೆಯ ಆಂಪ್ಲಿಫೈಯರ್. ಹೈ-ಎಂಡ್ ಆಡಿಯೋ ವ್ಯಾಪಾರದಲ್ಲಿ ಬೆಲೆಯ ಶೇ. 40ರ ಆಸುಪಾಸು ಡೀಲರ್‌ನ ಪಾಲು ಎಂಬುದು ಬಹುಕಾಲದ ರೂಢಿ. ವ್ಯಾಪಾರಿಗಳು ಇದನ್ನು ‘ನಲವತ್ತು ಪಾಯಿಂಟ್’ ಎನ್ನುತ್ತಾರೆ. ಹಾಗಾದರೆ ಈ ಆಂಪ್ಲಿಫೈಯರ್ ಡೀಲರ್ ಕೈಗೆ ಬರುವುದು 600 ಡಾಲರ್‌ಗೆ. ಮಾರಿದ ಬೆಲೆಯ ಲೆಕ್ಕದಲ್ಲಿ 400 ಡಾಲರ್ ಎಂದರೆ ಶೇ. 40; ಅಸಲಿನ ಲೆಕ್ಕದಲ್ಲಿ ನೋಡಿದರೆ ಅದೇ 400 ಡಾಲರ್ ಸುಮಾರು ಶೇ. 67. ಮೊದಲನೆಯದು ಮಾರ್ಜಿನ್, ಎರಡನೆಯದು ಮಾರ್ಕಪ್. ಡೀಲರ್ ಲಾಭದ ಬಗ್ಗೆ ನಡೆಯುವ ಎಷ್ಟೋ ಜಗಳಗಳಲ್ಲಿ ಒಬ್ಬರು ಒಂದು ಲೆಕ್ಕ ಹಿಡಿದಿರುತ್ತಾರೆ, ಇನ್ನೊಬ್ಬರು ಇನ್ನೊಂದು.

ಉಳಿದ 600 ಡಾಲರ್ ತಯಾರಕರದು. ಬಿಡಿಭಾಗಗಳ ವೆಚ್ಚವನ್ನು ನಾಲ್ಕರಿಂದಲೋ ಐದರಿಂದಲೋ ಗುಣಿಸಿದರೆ ಅಂಗಡಿಯ ಬೆಲೆ ಬರಬೇಕು ಎಂಬುದು ಈ ಉದ್ಯಮದ ಹಳೆಯ ಕೈಲೆಕ್ಕ. ಅಂದರೆ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಅಲ್ಯೂಮಿನಿಯಂ ಪೆಟ್ಟಿಗೆ, ಹಿಂಬದಿಯ ಸಾಕೆಟ್ಟು ಎಲ್ಲ ಸೇರಿ 200ರಿಂದ 250 ಡಾಲರ್. ಮಿಕ್ಕದ್ದರಲ್ಲಿ ಕಾರ್ಮಿಕರ ಕೂಲಿ, ಎಂಜಿನಿಯರುಗಳ ಸಂಬಳ, ಜಾಹೀರಾತು, ವಾರಂಟಿ ರಿಪೇರಿ, ಬಾಡಿಗೆ ಎಲ್ಲ ಕಳೆದು ತಯಾರಕರಿಗೆ ಲಾಭ ಉಳಿಯಬೇಕು. ಮಾಲು ಹೊರದೇಶಕ್ಕೆ ಹೋದರೆ ಡೀಲರ್‌ಗೂ ಕಾರ್ಖಾನೆಗೂ ನಡುವೆ ಆಮದು ಮಾಡುವ ವಿತರಕ ಬರುತ್ತಾರೆ, ಅವರಿಗೂ ಒಂದು ಪಾಲು.

ಶೇ. 40 ಕೇಳಿದಾಗ ಕಿವಿ ನಿಮಿರುವುದು ಸಹಜ. ಕಿರಾಣಿ ಅಂಗಡಿಯವರು ಇದರ ಸಣ್ಣ ತುಣುಕಿನಲ್ಲಿ ಬದುಕುತ್ತಾರೆ. ಆದರೆ ಕಿರಾಣಿ ಅಂಗಡಿಯ ಸಕ್ಕರೆ ಮೂಟೆ ವಾರದೊಳಗೆ ಖಾಲಿಯಾಗುತ್ತದೆ, ಅದೇ ಬಂಡವಾಳ ವರ್ಷದಲ್ಲಿ ಹತ್ತಾರು ಸಲ ತಿರುಗುತ್ತದೆ. ದುಬಾರಿ ಸ್ಪೀಕರ್ ಜೋಡಿಯೊಂದು ಕೊಳ್ಳುವವರಿಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಕೇಳಿಸಲೆಂದು ಪೆಟ್ಟಿಗೆಯಿಂದ ತೆಗೆದ ಜೋಡಿಯನ್ನು ಕೊನೆಗೆ ಬೆಲೆ ಇಳಿಸಿಯೇ ಮಾರಬೇಕು. ಅಷ್ಟು ದಿನ ಅದರ ಮೇಲೆ ಬಡ್ಡಿ ನಡೆಯುತ್ತಿರುತ್ತದೆ, ಅದು ನಿಂತ ಕೋಣೆಗೆ ಬಾಡಿಗೆ ನಡೆಯುತ್ತಿರುತ್ತದೆ.

ರಿಯಾಯಿತಿ ಕೇಳುವಾಗಲೂ ಈ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಸಾವಿರ ಡಾಲರ್ ಆಂಪ್ಲಿಫೈಯರ್ ಮೇಲೆ ಶೇ. 10 ಬಿಟ್ಟುಕೊಟ್ಟರೆ ಗಿರಾಕಿಗೆ ಉಳಿಯುವುದು ನೂರು ಡಾಲರ್. ಡೀಲರ್‌ನ ಪಾಲು ಮಾತ್ರ 400ರಿಂದ 300ಕ್ಕೆ ಇಳಿಯುತ್ತದೆ, ಅಂದರೆ ಕಾಲುಭಾಗ ಕರಗುತ್ತದೆ. ನಾಳೆ ಮನೆಗೆ ಬಂದು ಸ್ಪೀಕರ್ ಜೋಡಿಸಿಕೊಡುವ ಹುಡುಗನ ಸಂಬಳ ಬರುವುದೂ ಅದೇ ಗಂಟಿನಿಂದ.

ಆ ಗಂಟಿಗೆ ತಕ್ಕ ಕೆಲಸ ನಡೆಯುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1970ರ ದಶಕದ ಆರಂಭದಲ್ಲಿ ಬಂದ ಲಿನ್ ಸೋಂಡೆಕ್ ಎಲ್‌ಪಿ12 ಎಂಬ ಟರ್ನ್‌ಟೇಬಲ್ ಇದಕ್ಕೆ ಒಳ್ಳೆಯ ನಿದರ್ಶನ. ರೆಕಾರ್ಡ್ ತಿರುಗುವ ಭಾರದ ತಟ್ಟೆಯನ್ನೂ ಟೋನ್‌ಆರ್ಮನ್ನೂ ಹೊತ್ತ ಉಪಚೌಕಟ್ಟು ಅದರೊಳಗೆ ಮೂರು ಸ್ಪ್ರಿಂಗುಗಳಿಂದ ತೂಗುತ್ತದೆ. ಸ್ಪ್ರಿಂಗುಗಳ ಹದ ತಪ್ಪಿದರೆ ದುಬಾರಿ ಯಂತ್ರವೂ ಸಾಧಾರಣ ಯಂತ್ರದಂತೆ ಹಾಡುತ್ತದೆ. ಹಾಗಾಗಿ ಲಿನ್ ಅದನ್ನು ತರಬೇತಿ ಪಡೆದ ಡೀಲರುಗಳ ಕೈಯಿಂದಲೇ ಜೋಡಿಸಿ ಹದಗೊಳಿಸುವ ಪದ್ಧತಿ ಬೆಳೆಸಿತು. ಸೂಜಿ ಹೊತ್ತ ಕಾರ್ಟ್ರಿಜ್ ಕೂರಿಸುವುದೂ ಅಂಥದೇ ಕೆಲಸ. ಸೂಜಿಯ ಮೊನೆ ಸುಮಾರು ಎರಡು ಗ್ರಾಂ ಭಾರದಲ್ಲಿ, ಸರಿಯಾದ ಕೋನದಲ್ಲಿ ಗೆರೆಯೊಳಗೆ ಇಳಿಯಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಗಾಯಕಿಯ ‘ಸ’ಕಾರ ಕರ್ಕಶವಾಗಿ ಕೇಳಿಸುತ್ತದೆ.

ಲಿನ್ ಸ್ಥಾಪಕ ಐವರ್ ಟೀಫೆನ್‌ಬ್ರುನ್ ಡೀಲರುಗಳಿಗೆ ಇನ್ನೊಂದು ಷರತ್ತು ಹಾಕಿದರು. ಕೇಳಿಸುವ ಕೋಣೆಯಲ್ಲಿ ಒಂದೇ ಜೋಡಿ ಸ್ಪೀಕರ್ ಇರಬೇಕು, ಬೇರೆಯವು ಅಲ್ಲಿದ್ದರೆ ಅವುಗಳ ಪರದೆಗಳೂ ಸುಮ್ಮನೆ ಕಂಪಿಸಿ ಸಂಗೀತವನ್ನು ಕೆಡಿಸುತ್ತವೆ ಎಂಬುದು ಅವರ ವಾದ. ಗೋಡೆ ತುಂಬ ಸ್ಪೀಕರ್ ಜೋಡಿಸಿ ಗುಂಡಿ ಒತ್ತಿ ಬದಲಿಸುತ್ತಿದ್ದ ಅಂಗಡಿಗಳಿಗೆ ಇದು ದೊಡ್ಡ ಖರ್ಚಿನ ಮಾತು. ಇಡೀ ಕೋಣೆಯಲ್ಲಿ ಒಂದೇ ಜೋಡಿ ಇಡುವ ಅಂಗಡಿಯವರು ಆ ಜಾಗದ ಬಾಡಿಗೆಯನ್ನು ಮಾರ್ಜಿನ್‌ನಿಂದಲೇ ಕಟ್ಟಬೇಕು.

ಇಂಥ ಶ್ರಮ ಪಡುವ ಅಂಗಡಿಗೆ ಒಂದು ಕಾಟ ತಪ್ಪಿದ್ದಲ್ಲ. ಗಿರಾಕಿ ಎರಡು ಗಂಟೆ ಕೂತು ಕೇಳುತ್ತಾನೆ, ಬೇಕಾದ ಮಾದರಿ ಗೊತ್ತುಮಾಡಿಕೊಳ್ಳುತ್ತಾನೆ, ಆಮೇಲೆ ಪಕ್ಕದ ರಸ್ತೆಯಲ್ಲಿ ಪೆಟ್ಟಿಗೆ ಮಾತ್ರ ಮಾರುವ ಅಂಗಡಿಯಿಂದ ಅದನ್ನೇ ಅಗ್ಗಕ್ಕೆ ಒಯ್ಯುತ್ತಾನೆ. ಒಬ್ಬರ ಶ್ರಮ, ಇನ್ನೊಬ್ಬರ ಫಲ. ಅಮೆರಿಕದ ಕಾನೂನು ಈ ಗಂಟನ್ನು ಬಿಡಿಸಲು ಏಳು ದಶಕ ತಿಣುಕಾಡಿತು.

1937ರ ಮಿಲ್ಲರ್-ಟೈಡಿಂಗ್ಸ್ ಕಾಯ್ದೆಯ ಬಲದಿಂದ ಅನೇಕ ರಾಜ್ಯಗಳಲ್ಲಿ ‘ಫೇರ್ ಟ್ರೇಡ್’ ಕಾನೂನುಗಳು ನಡೆಯುತ್ತಿದ್ದವು. ತಯಾರಕ ಗೊತ್ತುಮಾಡಿದ ಬೆಲೆಗಿಂತ ಕಡಿಮೆಗೆ ಅಂಗಡಿಯವರು ಮಾರುವಂತಿರಲಿಲ್ಲ. ಸ್ಟೀರಿಯೋ ಉಪಕರಣಗಳೂ ಈ ವ್ಯವಸ್ಥೆಯ ನೆರಳಲ್ಲಿದ್ದವು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಡ್ಡಿ ಆಂಟಾರ್ ಎಂಬ ಯುವಕ ಈ ಕಟ್ಟನ್ನು ಮುರಿದ. ಕಂಪನಿಗಳು ಮಾಲು ಕೊಡದಿದ್ದಾಗ ಬೇರೆ ಡೀಲರುಗಳಿಂದ ಹಿಂಬಾಗಿಲಲ್ಲಿ ತರಿಸಿ ಅಗ್ಗಕ್ಕೆ ಮಾರಿದ. ಅವನ ‘ಕ್ರೇಜಿ ಎಡ್ಡಿ’ ಅಂಗಡಿಯ ಟಿವಿ ಜಾಹೀರಾತಿನಲ್ಲಿ ಒಬ್ಬಾತ ಕೈಕಾಲು ಬಡಿದು ಬೆಲೆಗಳ ಬಗ್ಗೆ ಕಿರುಚುತ್ತಿದ್ದುದು ನ್ಯೂಯಾರ್ಕಿನ ಒಂದು ಪೀಳಿಗೆಗೇ ನೆನಪಿದೆ.

ಆ ಅಗ್ಗದ ಬೆಲೆಯ ಹಿಂದೆ ಇನ್ನೊಂದು ಲೆಕ್ಕವಿತ್ತು. ಗಿರಾಕಿಗಳಿಂದ ವಸೂಲಿ ಮಾಡಿದ ಮಾರಾಟ ತೆರಿಗೆಯನ್ನು ಕುಟುಂಬ ಸರ್ಕಾರಕ್ಕೆ ಕಟ್ಟದೆ ಜೇಬಿಗೆ ಹಾಕಿಕೊಳ್ಳುತ್ತಿತ್ತು ಎಂಬುದನ್ನು ಕಂಪನಿಯ ಹಣಕಾಸು ನೋಡಿಕೊಳ್ಳುತ್ತಿದ್ದ ಸೋದರಸಂಬಂಧಿ ಸ್ಯಾಮ್ ಆಂಟಾರ್ ಮುಂದೆ ಬಹಿರಂಗವಾಗಿ ಒಪ್ಪಿಕೊಂಡ. 1984ರಲ್ಲಿ ಷೇರುಪೇಟೆಗೆ ಹೋದ ಕಂಪನಿ 1989ರಲ್ಲಿ ಮುಚ್ಚಿತು. 1990ರಲ್ಲಿ ದೇಶ ಬಿಟ್ಟು ಓಡಿದ ಎಡ್ಡಿ 1992ರಲ್ಲಿ ಇಸ್ರೇಲಿನಲ್ಲಿ ಸಿಕ್ಕಿಬಿದ್ದು, ಕೊನೆಗೆ ವಂಚನೆ ಒಪ್ಪಿಕೊಂಡು ಜೈಲು ಸೇರಿದ. ಮಾರ್ಜಿನ್ ಇಲ್ಲದೆ ಮಾರುತ್ತೇನೆ ಎಂದವನ ಅಂಗಡಿಯ ಖರ್ಚನ್ನು ತೆರಿಗೆದಾರರು ಹೊತ್ತಿದ್ದರು.

ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. 1975ರಲ್ಲಿ ಅಮೆರಿಕದ ಸಂಸತ್ತು ಫೇರ್ ಟ್ರೇಡ್ ವ್ಯವಸ್ಥೆಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿತು. ಎರಡೇ ವರ್ಷದಲ್ಲಿ, 1977ರಲ್ಲಿ, ಸುಪ್ರೀಂ ಕೋರ್ಟ್ ಸಿಲ್ವೇನಿಯಾ ಟಿವಿ ಕಂಪನಿಯ ಪ್ರಕರಣದಲ್ಲಿ ಇನ್ನೊಂದು ದಿಕ್ಕಿನ ತೀರ್ಪು ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿಯೊಬ್ಬ ಸ್ಯಾಕ್ರಮೆಂಟೋದಲ್ಲೂ ಅದೇ ಟಿವಿ ಮಾರಲು ಹೊರಟಾಗ ಕಂಪನಿ ತಡೆದಿತ್ತು. ಇಂಥ ಪ್ರದೇಶದ ಕಟ್ಟುಪಾಡು ತಾನಾಗಿಯೇ ಅಕ್ರಮವಲ್ಲ, ಅದರ ಒಳಿತು ಕೆಡುಕುಗಳನ್ನು ತೂಗಿ ನೋಡಬೇಕು ಎಂದಿತು ನ್ಯಾಯಾಲಯ. ಸೇವೆ ಕೊಡುವ ಅಂಗಡಿಯ ಬೆನ್ನೇರಿ ಸೇವೆ ಕೊಡದ ಅಂಗಡಿ ಲಾಭ ಮಾಡುವ ಸಮಸ್ಯೆಯನ್ನು ಅದು ಹೆಸರಿಸಿಯೇ ಹೇಳಿತು. 2007ರ ಲೀಜಿನ್ ಪ್ರಕರಣದಲ್ಲಿ, ಐದಕ್ಕೆ ನಾಲ್ಕು ಮತಗಳಿಂದ, ಕನಿಷ್ಠ ಮಾರಾಟ ಬೆಲೆಯ ಒಪ್ಪಂದಕ್ಕೂ ಇದೇ ತೂಕದ ನಿಯಮವನ್ನು ವಿಸ್ತರಿಸಿ, ಫೇರ್ ಟ್ರೇಡ್ ವಿನಾಯಿತಿಯ ಕಾಲ ಬಿಟ್ಟರೆ 1911ರಿಂದ ಇದ್ದ ನಿಷೇಧವನ್ನು ತೆರವು ಮಾಡಿತು. ಆ ಪ್ರಕರಣ ನಡೆದದ್ದು ಹೆಂಗಸರ ಚರ್ಮದ ಚೀಲಗಳ ಬಗ್ಗೆ. ಅದರ ನೆರಳು ಮಾತ್ರ ಆಡಿಯೋ ಅಂಗಡಿಗಳವರೆಗೂ ಚಾಚಿತು.

ಯುರೋಪಿನ ನಿಲುವು ಬೇರೆ. 2018ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಆಸುಸ್, ಫಿಲಿಪ್ಸ್, ಪಯೋನಿಯರ್ ಮತ್ತು ಡೆನಾನ್-ಮರಾಂಟ್ಸ್ ಕಂಪನಿಗಳಿಗೆ ಒಟ್ಟು 11 ಕೋಟಿ 10 ಲಕ್ಷ ಯುರೋಗಳಿಗೂ ಮೀರಿದ ದಂಡ ಹಾಕಿತು. ಆನ್‌ಲೈನಿನಲ್ಲಿ ಬೆಲೆ ಇಳಿಸಿದ ಅಂಗಡಿಗಳ ಮೇಲೆ ಇವು ಒತ್ತಡ ಹಾಕಿ, ಮಾಲು ನಿಲ್ಲಿಸುವ ಬೆದರಿಕೆಯೊಡ್ಡಿ ಬೆಲೆ ಏರಿಸುತ್ತಿದ್ದವು. ಈಗಿನ ಆನ್‌ಲೈನ್ ಅಂಗಡಿಗಳು ಪರಸ್ಪರರ ಬೆಲೆ ನೋಡಿ ತಮ್ಮ ಬೆಲೆಯನ್ನು ಗಣಕದಿಂದ ತಾನೇ ಹೊಂದಿಸಿಕೊಳ್ಳುತ್ತವೆ. ಹಾಗಾಗಿ ಒಂದು ಅಂಗಡಿಯ ಬೆಲೆ ಏರಿಸಿದರೆ ಸಾಲಾಗಿ ಎಲ್ಲರ ಬೆಲೆಯೂ ಏರುತ್ತದೆ ಎಂಬುದನ್ನು ಕಮಿಷನ್ ಎತ್ತಿ ತೋರಿಸಿತು.

ಮಾರ್ಜಿನ್‌ಗೆ ತಕ್ಕ ಕೆಲಸ ನಡೆಯದ ಜಾಗಗಳೂ ಇವೆ, ಅವುಗಳಲ್ಲಿ ಮೊದಲನೆಯದು ಕೇಬಲ್. 1979ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ನೋಯೆಲ್ ಲೀ ಮಾನ್‌ಸ್ಟರ್ ಕೇಬಲ್ ಕಂಪನಿ ಆರಂಭಿಸುವ ಮೊದಲು ಸ್ಪೀಕರ್ ತಂತಿ ಎಂದರೆ ಅಂಗಡಿಯವರು ಅಳೆದು ಕತ್ತರಿಸಿ ಕೊಡುತ್ತಿದ್ದ ಮಾಮೂಲಿ ತಂತಿ. ಲೀ ಅದಕ್ಕೆ ದಪ್ಪ ಹೊದಿಕೆ, ಹೆಸರು, ಪೆಟ್ಟಿಗೆ ಕೊಟ್ಟು ಅದನ್ನೊಂದು ಪ್ರತ್ಯೇಕ ಸರಕನ್ನಾಗಿ ಮಾಡಿದರು. ಪೈಪೋಟಿಯಿಂದ ಟಿವಿ, ರಿಸೀವರುಗಳ ಮಾರ್ಜಿನ್ ಸವೆದುಹೋದ ಅಂಗಡಿಗಳಿಗೆ ಕೇಬಲ್ ಆಸರೆಯಾಯಿತು. ಅದರಲ್ಲಿ ಐವತ್ತು ಪಾಯಿಂಟ್ ಸಿಗುವುದು ಹೊಸ ಮಾತೇನಲ್ಲ. ಅದನ್ನು ಹದ ಮಾಡುವುದಿಲ್ಲ, ರಿಪೇರಿ ಮಾಡುವುದಿಲ್ಲ, ಅದು ಕೋಣೆಯ ಜಾಗವನ್ನೂ ತಿನ್ನುವುದಿಲ್ಲ. ಸ್ಪೀಕರ್ ಬಿಲ್ ಮಾಡುವ ಕೊನೆಯ ಗಳಿಗೆಯಲ್ಲಿ ಮಾರಾಟಗಾರ ದುಬಾರಿ ಕೇಬಲ್ ತಂದಿಟ್ಟರೆ ಗಿರಾಕಿ ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಮನೆಯ ಅಳತೆಯ ದೂರಕ್ಕೆ ಸಾಕಷ್ಟು ದಪ್ಪ ಇರುವ ಒಳ್ಳೆಯ ತಾಮ್ರದ ತಂತಿ ಬಹುತೇಕ ಎಲ್ಲರಿಗೂ ಸಾಕು.

ಎರಡನೆಯ ಪ್ರಕರಣ ಇನ್ನೂ ಗಂಭೀರ. 2010ರಲ್ಲಿ ಆಡಿಯೋಹಾಲಿಕ್ಸ್ ಎಂಬ ಜಾಲತಾಣದ ವಿಮರ್ಶಕರು ಹೆಸರಾಂತ ಲೆಕ್ಸಿಕನ್ ಕಂಪನಿಯ ಬಿಡಿ-30 ಬ್ಲೂ-ರೇ ಪ್ಲೇಯರನ್ನು ಬಿಚ್ಚಿ ನೋಡಿದರು. ಅದರ ಬೆಲೆ 3,500 ಡಾಲರ್. ದಪ್ಪ ಅಲ್ಯೂಮಿನಿಯಂ ಹೊರಕವಚದೊಳಗೆ ಅವರಿಗೆ ಸಿಕ್ಕಿದ್ದು 499 ಡಾಲರ್ ಬೆಲೆಯ ಒಪ್ಪೋ ಬಿಡಿಪಿ-83 ಪ್ಲೇಯರ್, ಅದೂ ತನ್ನ ಮೂಲ ತಗಡಿನ ಚೌಕಟ್ಟಿನ ಸಮೇತ. ರೂಢಿಯ ನಲವತ್ತು ಪಾಯಿಂಟ್ ಹಿಡಿದರೆ 3,500 ಡಾಲರ್‌ನಲ್ಲಿ ಅಂಗಡಿಯ ಪಾಲೇ 1,400 ಡಾಲರ್. ಅಷ್ಟರಲ್ಲಿ ಎರಡು ಒಪ್ಪೋ ಕೊಂಡು ಇನ್ನೂ 400 ಡಾಲರ್ ಉಳಿಸಬಹುದಿತ್ತು. ಇಲ್ಲಿ ತಪ್ಪಿನ ದೊಡ್ಡ ಪಾಲು ತಯಾರಕರದು. ಆದರೆ ಹತ್ತಾರು ಮಾದರಿಗಳನ್ನು ಕೇಳಿ ನೋಡಿ ಗಿರಾಕಿಗೆ ಒಳ್ಳೆಯದನ್ನು ಆರಿಸಿಕೊಡುವುದು ತನ್ನ ಕೆಲಸ ಎನ್ನುವ ಡೀಲರ್, ಇಂಥದ್ದನ್ನು ಮಾರುವಾಗ ಯಾವ ಕೆಲಸ ಮಾಡಿದ?

ಅಂಗಡಿಯನ್ನೇ ಬಿಟ್ಟು ನೇರ ಮಾರುವವರು ಹುಟ್ಟಿಕೊಂಡದ್ದು ಇಂಥ ಅಸಮಾಧಾನದಿಂದಲೇ. ಜೇಸನ್ ಸ್ಟಾಡರ್ಡ್ ಮತ್ತು ಮೈಕ್ ಮೊಫಟ್ ಇಬ್ಬರೂ ಡೀಲರುಗಳ ಮೂಲಕ ಮಾರುವ ಹಳೆಯ ಹೈ-ಎಂಡ್ ಕಂಪನಿಗಳಲ್ಲಿ ಪಳಗಿದ ಎಂಜಿನಿಯರುಗಳು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಿಟ್ ಆಡಿಯೋ ಆರಂಭಿಸಿದಾಗ ಅವರು ನೇರ ಗಿರಾಕಿಗೇ ಮಾರಲು ನಿರ್ಧರಿಸಿದರು. ಮುಂದೆ ಅವರ ಮ್ಯಾಗ್ನಿ ಎಂಬ ಹೆಡ್‌ಫೋನ್ ಆಂಪ್ಲಿಫೈಯರ್ 99 ಡಾಲರ್‌ಗೆ ಬಂದಾಗ ಆ ಬೆಲೆಗೆ ಅಮೆರಿಕದಲ್ಲಿ ಇಂಥದ್ದನ್ನು ತಯಾರಿಸಬಹುದೇ ಎಂದು ಜನ ಅಚ್ಚರಿಪಟ್ಟರು. ಬಿಡಿಭಾಗಗಳನ್ನು ಐದರಿಂದ ಗುಣಿಸುವ ಬದಲು ಅದರ ಅರ್ಧದಷ್ಟರಿಂದ ಗುಣಿಸಿದರೂ ಇಲ್ಲಿ ಬದುಕು ನಡೆಯುತ್ತದೆ.

ನೇರ ಮಾರಾಟದಲ್ಲಿ ಒಂದು ಕೊರತೆ ಉಳಿಯುತ್ತದೆ, ಕೇಳಿ ನೋಡುವ ಜಾಗ. ಓಹಾಯೋದ ಎಸ್‌ವಿಎಸ್ ಎಂಬ ಸಬ್‌ವೂಫರ್ ಕಂಪನಿ ಇದಕ್ಕೆ 45 ದಿನ ಮನೆಯಲ್ಲೇ ಬಳಸಿ ನೋಡಿ, ಬೇಡವಾದರೆ ವಾಪಸ್ ಕಳಿಸಿ ಎಂಬ ದಾರಿ ಕಂಡುಕೊಂಡಿತು. ಅಂತರ್ಜಾಲದಲ್ಲಿ ನೇರ ಮಾರಿಯೇ ಬೆಳೆದ ಅದೇ ಕಂಪನಿ ಈಗ ಡೀಲರುಗಳ ಮೂಲಕವೂ ಮಾರುತ್ತದೆ. ಮುಟ್ಟಿ, ಕೇಳಿ, ಬಲ್ಲವರೊಬ್ಬರೊಡನೆ ಮಾತಾಡಿ ಕೊಳ್ಳಬೇಕೆನ್ನುವ ಜನ ಇದ್ದೇ ಇದ್ದಾರೆ.

ಭಾರತದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಪದರ ಸೇರುತ್ತದೆ. ವಿದೇಶಿ ಮಾಲೊಂದು 100 ರೂಪಾಯಿ ಬೆಲೆಗೆ ಬಂದರಿಗೆ ಬಂತು, ಅದಕ್ಕೆ ಶೇ. 20 ಆಮದು ಸುಂಕ ಎಂದುಕೊಳ್ಳೋಣ. ಸುಂಕದ ಮೇಲೆ ಹತ್ತನೆಯ ಒಂದು ಪಾಲು ಸಮಾಜ ಕಲ್ಯಾಣ ಮೇಲ್ತೆರಿಗೆ, ಅಲ್ಲಿಗೆ 122 ರೂಪಾಯಿ. ವಿತರಕ ತನ್ನ ಮಾರಾಟ ಬೆಲೆಯ ಶೇ. 25, ಡೀಲರ್ ತನ್ನದರ ಶೇ. 30 ಇಟ್ಟುಕೊಂಡು, ಕೊನೆಗೆ ಶೇ. 18 ಜಿಎಸ್‌ಟಿ ಸೇರಿದರೆ ಗಿರಾಕಿ ಕೊಡುವುದು 274 ರೂಪಾಯಿ. ಸುಂಕವೇ ಇಲ್ಲದಿದ್ದರೆ ಇದು 225 ಆಗುತ್ತಿತ್ತು. ಸರ್ಕಾರ ಸುಂಕವೆಂದು ಪಡೆದದ್ದು 22 ರೂಪಾಯಿ, ಗಿರಾಕಿಯ ಜೇಬಿನಿಂದ ಹೋದದ್ದು 49. ಪಾಲುಗಳೆಲ್ಲ ಶೇಕಡಾ ಲೆಕ್ಕದಲ್ಲಿರುವುದರಿಂದ ಸುಂಕದ ಮೇಲೂ ವಿತರಕ, ಡೀಲರ್ ಇಬ್ಬರ ಮಾರ್ಜಿನ್ ಕೂರುತ್ತದೆ. ಬೆಂಗಳೂರಿನ ಶೋರೂಮಿನ ಬೆಲೆ ನೋಡಿ, ಅಮೆರಿಕದ ಬೆಲೆಯ ಪಕ್ಕ ಇಟ್ಟು, ಡೀಲರನ್ನೇ ಬೈಯುವ ಮೊದಲು ಈ ಗುಣಾಕಾರ ಮಾಡಿ ನೋಡಬೇಕು.

ಅಮೆರಿಕದಲ್ಲಿರುವ ಮಗನೋ ಮಗಳೋ ಊರಿಗೆ ಬರುವಾಗ ತರಿಸಿಕೊಂಡರಾಯಿತು ಎಂಬುದು ಅನೇಕ ಕನ್ನಡ ಮನೆಗಳ ಲೆಕ್ಕಾಚಾರ. ಅಲ್ಲಿ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಬಹುದು, ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆಂದು ಮಾಡಿದ ಸಿಂಕ್ರನಸ್ ಮೋಟಾರಿನ ಹಳೆಯ ಟರ್ನ್‌ಟೇಬಲ್ ಇಲ್ಲಿ ನಿಮಿಷಕ್ಕೆ ಮೂವತ್ಮೂರೂ ಚಿಲ್ಲರೆ ಸುತ್ತಿನ ಬದಲು ಇಪ್ಪತ್ತೆಂಟಕ್ಕೂ ಕಡಿಮೆ ಸುತ್ತು ಹಾಕುತ್ತದೆ, ಹಾಡು ಎಳೆದಂತಾಗಿ ಶ್ರುತಿ ಇಳಿಯುತ್ತದೆ. ಅಧಿಕೃತ ಡೀಲರ್‌ನಿಂದ ಕೊಳ್ಳದ ಮಾಲಿಗೆ ಇಲ್ಲಿನ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಇಲ್ಲಿ ಕೊಳ್ಳುವವರಿಗೆ ಕಾನೂನಿನ ಬೆಂಬಲವೂ ಇದೆ. ಪೆಟ್ಟಿಗೆಯ ಮೇಲಿನ ಎಂಆರ್‌ಪಿ ಗರಿಷ್ಠ ಬೆಲೆ, ಎಲ್ಲ ತೆರಿಗೆಯೂ ಅದರಲ್ಲಿ ಸೇರಿರುತ್ತದೆ. ಅದಕ್ಕಿಂತ ಕಡಿಮೆಗೆ ಮಾರುವ ಸ್ವಾತಂತ್ರ್ಯ ಡೀಲರ್‌ಗಿದೆ. ರಿಯಾಯಿತಿಗೆ ಕಡಿವಾಣ ಹಾಕಿ ಸ್ಪರ್ಧೆಗೆ ಪೆಟ್ಟು ಕೊಡುವ ಕಂಪನಿಯನ್ನು 2002ರ ಸ್ಪರ್ಧಾ ಕಾಯ್ದೆಯಡಿ ಪ್ರಶ್ನಿಸಬಹುದು. ಕಾರು ಡೀಲರುಗಳು ಹೆಚ್ಚಿನ ರಿಯಾಯಿತಿ ಕೊಡದಂತೆ ತಡೆದುದಕ್ಕೆ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿ ಅದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿತು.

ಹಾಗಾಗಿ ಲಕ್ಷಗಟ್ಟಲೆ ಕೊಡುವ ಮುನ್ನ ಗಿರಾಕಿ ಕೇಳಬೇಕಾದ ಪ್ರಶ್ನೆಗಳು ಸರಳ. ಒಂದು ವಾರ ನಮ್ಮ ಮನೆಯಲ್ಲಿಟ್ಟು ಕೇಳಲು ಕೊಡುತ್ತೀರಾ? ಬಂದು ಜೋಡಿಸಿ, ನಮ್ಮ ಕೋಣೆಗೆ ತಕ್ಕಂತೆ ಸ್ಪೀಕರಿನ ಜಾಗ ಹೊಂದಿಸಿಕೊಡುತ್ತೀರಾ? ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದೆಯೇ, ರಿಪೇರಿ ಆಗುವತನಕ ಬದಲಿ ಸಿಗುತ್ತದೆಯೇ? ಮುಂದೆ ದೊಡ್ಡದು ಕೊಳ್ಳುವಾಗ ಇದನ್ನು ಯಾವ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತೀರಿ? ಇಷ್ಟಕ್ಕೂ ಹೌದು ಎನ್ನುವ ಡೀಲರ್‌ಗೆ ಅವರ ಪಾಯಿಂಟುಗಳನ್ನು ಮನಸ್ಸಾರೆ ಕೊಡಬಹುದು. ಎಲ್ಲಕ್ಕೂ ಇಲ್ಲ ಎಂದು, ಪೆಟ್ಟಿಗೆ ಎತ್ತಿ ಕೊಡುವುದಷ್ಟೇ ನಮ್ಮ ಕೆಲಸ ಎನ್ನುವವರಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡಲು ಸಂಕೋಚ ಬೇಡ.

ಮನೆಮನೆಗೆ ಚೆಕ್ ಕಳಿಸಿದ ಟ್ವೀಟರ್ 1998ರಲ್ಲಿ ಷೇರುಪೇಟೆಗೆ ಹೋಗಿ, ದೇಶದ ತುಂಬ ಅಂಗಡಿ ಹರಡಿ, 2007ರಲ್ಲಿ ದಿವಾಳಿ ಅರ್ಜಿ ಹಾಕಿ, 2008ರ ಕೊನೆಗೆ ಬಾಗಿಲು ಮುಚ್ಚಿತು. ಲಿನ್‌ನ ಎಲ್‌ಪಿ12 ಇಂದಿಗೂ ತಯಾರಾಗುತ್ತಿದೆ. 2023ರಲ್ಲಿ ಅದರ ಐವತ್ತನೆಯ ವರ್ಷಕ್ಕೆ 250 ವಿಶೇಷ ಯಂತ್ರಗಳು ಬಂದವು, ಒಂದೊಂದರ ಬೆಲೆ 50,000 ಪೌಂಡ್. ಎಪ್ಪತ್ತರ ದಶಕದಲ್ಲಿ ಕೊಂಡ ಹಳೆಯ ಎಲ್‌ಪಿ12ಗೂ ಹೊಸ ಭಾಗಗಳು ಕೂರುತ್ತವೆ. ಆಗ ಡೀಲರ್ ಅದನ್ನು ಚೌಕಟ್ಟಿನ ಮೇಲೆ ಎತ್ತರಕ್ಕೇರಿಸಿ, ಕೆಳಗಿನಿಂದ ಕೈಹಾಕಿ, ಮೂರು ಸ್ಪ್ರಿಂಗುಗಳ ನಟ್ಟುಗಳನ್ನು ಒಂದೊಂದಾಗಿ ತಿರುಗಿಸುತ್ತಾರೆ. ತಟ್ಟೆಯನ್ನು ಮೆಲ್ಲಗೆ ಒತ್ತಿ ಬಿಟ್ಟಾಗ ಅದು ಓಲಾಡದೆ ನೆಟ್ಟಗೆ ಮೇಲೆ ಕೆಳಗೆ ಕುಣಿಯುವವರೆಗೂ ತಿರುಗಿಸುತ್ತಲೇ ಇರುತ್ತಾರೆ.